ಸೊಲ್ಲು ಹಿಡಿಯುವವರು ಎಲ್ಲಿ?

ಜನಪದ ಸಂಗೀತವನ್ನು ಉಳಿಸಬೇಕೆಂದು ಹೊರಡುವ ಸಾಕ್ಷ್ಯಚಿತ್ರಗಳಲ್ಲಿ ಹೆಚ್ಚಿನವು ಹಾಡನ್ನು ಕೇಳಿಸಿಕೊಳ್ಳುವುದೇ ಇಲ್ಲ. ತಂತಿ ಮೀಟುವ ಬೆರಳು, ಸುಕ್ಕುಗಟ್ಟಿದ ಮುಖ, ಗುಡ್ಡದಂಚಿನ ಸೂರ್ಯ ಒಂದಾದ ಮೇಲೊಂದು ಬರುತ್ತವೆ. ಹಾಡು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನಿರೂಪಕರ ಗಂಭೀರ ದನಿ ಅದರ ಮೇಲೆ ಕೂತುಬಿಡುತ್ತದೆ. ಈ ಕಲೆ ಅಳಿವಿನಂಚಿನಲ್ಲಿದೆ ಎಂದು ಆ ದನಿ ಮರುಗುತ್ತಿರುವಾಗ, ಅದರ ಅಡಿಯಲ್ಲಿ ಕಲಾವಿದ ಇನ್ನೂ ಹಾಡುತ್ತಲೇ ಇರುತ್ತಾನೆ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ ದೇಶಕ್ಕೆಲ್ಲ ಈ ಶೈಲಿಯನ್ನು ರೂಢಿಮಾಡಿಸಿತು. ಬೆಂಗಳೂರಿನ ಚಾಮರಾಜಪೇಟೆ, ಮಲ್ಲೇಶ್ವರದ ಚಿತ್ರಮಂದಿರಗಳಲ್ಲೂ ಮುಖ್ಯ ಸಿನಿಮಾಕ್ಕೆ ಮೊದಲು ಕಡ್ಡಾಯವಾಗಿ ಓಡುತ್ತಿದ್ದ ಆ ರೀಲುಗಳಲ್ಲಿ ಹೇಳುವವರದೇ ಮೇಲುಗೈ. ಆಮೇಲೆ ದೂರದರ್ಶನ ಬಂತು, ಸರ್ಕಾರಿ ಕಿರುಚಿತ್ರಗಳು ಬಂದವು. ಕ್ಯಾಮೆರಾ ಬದಲಾಯಿತೇ ಹೊರತು ಆ ದನಿ ಇಳಿಯಲಿಲ್ಲ.

ಇದರಿಂದ ಆಗುವ ನಷ್ಟ ಏನೆಂದು ತಿಳಿಯಬೇಕಾದರೆ ನಮ್ಮ ನೀಲಗಾರರ ಮೇಳವನ್ನು ನೆನೆಯಬೇಕು. ಅವರು ಹಾಡುವ ಮಂಟೇಸ್ವಾಮಿಯ ಕಥೆ ರಾತ್ರಿಯಿಡೀ ನಡೆಯುವಂಥದ್ದು. ಮುಂದಾಳು ತಂಬೂರಿ ಹಿಡಿದು ಒಂದು ಸಾಲನ್ನು ಎತ್ತಿಕೊಂಡರೆ ಹಿಮ್ಮೇಳದವರು ಸೊಲ್ಲು ಹಿಡಿದು ದನಿಗೂಡಿಸುತ್ತಾರೆ. ಹಾಡು ಮಾತಾಗುತ್ತದೆ, ಮಾತು ಮತ್ತೆ ಹಾಡಾಗುತ್ತದೆ. ಕೂತವರು ಹೂಂಗುಟ್ಟಿದಂತೆ ಒಂದು ಪ್ರಸಂಗ ಹಿಗ್ಗುತ್ತದೆ, ಅವರು ತೂಕಡಿಸಿದರೆ ಕುಗ್ಗುತ್ತದೆ. ಇಂಥದರಿಂದ ಎರಡು ನಿಮಿಷ ಕತ್ತರಿಸಿ ಮುಂದಾಳಿನ ಮುಖವನ್ನಷ್ಟೇ ತೋರಿಸಿದರೆ ನಮಗೆ ಸಿಗುವುದು ಒಂದು ಒಳ್ಳೆಯ ಕಂಠ ಮಾತ್ರ. ಆ ಕಂಠವನ್ನು ನಡೆಸುತ್ತಿದ್ದ ಜನ ಚೌಕಟ್ಟಿನ ಆಚೆಗೇ ಉಳಿಯುತ್ತಾರೆ.

ಈ ಕಾರಣಕ್ಕೇ ಶಬನಮ್ ವಿರ್ಮಾನಿಯವರ ಕಬೀರ್ ಚಿತ್ರಗಳು ನನಗೆ ದೊಡ್ಡವಾಗಿ ಕಾಣುತ್ತವೆ. ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ 2003ರಲ್ಲಿ ಆರಂಭವಾದ ಕಬೀರ್ ಪ್ರಾಜೆಕ್ಟ್‌ನಿಂದ 2008ರ ಹೊತ್ತಿಗೆ ನಾಲ್ಕು ಚಿತ್ರಗಳು ಹೊರಬಂದವು: ‘ಹದ್ ಅನ್‌ಹದ್’, ‘ಚಲೋ ಹಮಾರಾ ದೇಸ್’, ‘ಕಬೀರಾ ಖಡಾ ಬಜಾರ್ ಮೇಂ’, ‘ಕೋಯಿ ಸುನತಾ ಹೈ’. ಭಾಷೆ ಹಿಂದಿ, ಹಾಡು ಹೆಚ್ಚಾಗಿ ಮಾಳವಾ ಮತ್ತು ರಾಜಸ್ಥಾನದ್ದು. ಆದರೂ ಕೊನೆಯದಕ್ಕೂ ಕರ್ನಾಟಕಕ್ಕೂ ನೆಂಟಸ್ತನವಿದೆ. ಅದು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿ, ಅಂದರೆ ಕುಮಾರ ಗಂಧರ್ವರ ಬೆನ್ನು ಹತ್ತಿದ ಚಿತ್ರ.

ಕ್ಷಯ ಹಿಡಿದ ಕುಮಾರರು 1948ರಲ್ಲಿ ಒಣಹವೆಗೆಂದು ಮಾಳವಾ ಸೀಮೆಯ ದೇವಾಸಕ್ಕೆ ಹೋದರು. ಹಾಡಕೂಡದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಬಾಲ್ಯದಲ್ಲೇ ದೇಶವನ್ನು ಬೆರಗಾಗಿಸಿದ್ದ ಗಾಯಕ ವರ್ಷಗಟ್ಟಲೆ ಹಾಸಿಗೆಯಲ್ಲಿ ಮಲಗಿ ಬರೀ ಕೇಳಿಸಿಕೊಂಡರು: ಹೆಂಗಸರ ಹಾಡು, ಬೀದಿಯಲ್ಲಿ ಹಾಯುವ ಜೋಗಿಗಳ ನಿರ್ಗುಣ ಭಜನೆ. ಗುಣವಾಗಿ ಎದ್ದ ಮೇಲೆ ಮಾಳವಾದ ಲೋಕಗೀತೆಗಳನ್ನು ಕಲೆಹಾಕಿದರು, ಆ ಧಾಟಿಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು. ರಾಗಗಳ ಬೇರು ಜನರ ಹಾಡಿನಲ್ಲಿದೆ ಎಂಬುದು ಅವರಿಗೆ ಬರೀ ಸಿದ್ಧಾಂತವಾಗಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ಕಿವಿಯಿಂದ ಕಂಡುಕೊಂಡದ್ದು ಅದು.

‘ಕೋಯಿ ಸುನತಾ ಹೈ’ ಚಿತ್ರದ ಹೆಚ್ಚಳ ಇರುವುದು ಈ ಕೇಳುವಿಕೆಯನ್ನೇ ಅದು ವಸ್ತುವನ್ನಾಗಿ ಮಾಡಿಕೊಂಡಿರುವುದರಲ್ಲಿ. ಒಂದು ಕಡೆ ಕುಮಾರರ ದನಿ, ಅವರ ಮನೆಯವರ, ಶಿಷ್ಯರ ನೆನಪು; ಇನ್ನೊಂದು ಕಡೆ ಅದೇ ಸೀಮೆಯಲ್ಲಿ ಇಂದಿಗೂ ಹಾಡುತ್ತಿರುವ ಹಳ್ಳಿಯ ಗಾಯಕರು. ಯಾರು ಯಾರಿಂದ ಪಡೆದರು ಎಂಬ ತೀರ್ಪಿಗೆ ಚಿತ್ರ ಅವಸರಪಡುವುದಿಲ್ಲ. ನಿರ್ದೇಶಕಿಯ ದನಿ ಇಲ್ಲೂ ಇದೆ, ಆದರೆ ಅದು ಕಲಿಯುವವಳ ದನಿ. ತಂಬೂರ ಹಿಡಿದು ಆ ಹಾಡುಗಳನ್ನು ತಾನೇ ಕಲಿತವರ ಚಿತ್ರವಿದು ಎಂಬುದು ಸಂಕಲನದಲ್ಲೇ ತಿಳಿಯುತ್ತದೆ. ಎಲ್ಲಿ ಸುಮ್ಮನಿರಬೇಕೆಂಬ ಅರಿವು ಹಾಡು ಬಲ್ಲವರಿಗೆ ಇರುತ್ತದೆ.

ನನ್ನ ಆಕ್ಷೇಪವೂ ಇಲ್ಲೇ ಹುಟ್ಟುತ್ತದೆ. ಕುಮಾರರ ಕಿವಿಗೆ ಬಿದ್ದ ಜೋಗಿಗಳಿಗೆ ಹೆಸರಿಲ್ಲ. ಹಿರಿಯ ಕಲಾವಿದನ ಬದುಕಿಗೆ ಅವರು ಒಂದು ತಿರುವನ್ನು ಕೊಟ್ಟು ಮರೆಯಾಗುತ್ತಾರೆ. ಕಲಿತವರ, ಕವಿಗಳ, ವಿದ್ವಾಂಸರ ಮಾತು ಕೆಲವೆಡೆ ಹಾಡಿಗೆ ವ್ಯಾಖ್ಯಾನದ ಹೊರೆ ಹೊರಿಸುತ್ತದೆ. ಇನ್ನು ಚಿತ್ರದ ಗಮನವೆಲ್ಲ ದೇವಾಸದ ಕಡೆಗೆ. ವಚನ, ತತ್ವಪದಗಳ ನಾಡಿನಿಂದ ಹೋದ ಹುಡುಗನ ಕಿವಿಗೆ ನಿರ್ಗುಣ ಅಷ್ಟು ಬೇಗ ಹತ್ತಿದ್ದು ಹೇಗೆ ಎಂದು ಕನ್ನಡದ ನೋಡುಗ ಕೇಳಿಯೇ ಕೇಳುತ್ತಾನೆ. ಆ ಪ್ರಶ್ನೆಯನ್ನು ಎತ್ತಿಕೊಳ್ಳುವ ಚಿತ್ರವನ್ನು ನಮ್ಮವರು ಮಾಡಬೇಕು.

‘ಕಬೀರಾ ಖಡಾ ಬಜಾರ್ ಮೇಂ’ ಇದಕ್ಕಿಂತ ಒರಟು, ಆದ್ದರಿಂದಲೇ ಹೆಚ್ಚು ದಿಟ್ಟ. ಮಾಳವಾದ ದಲಿತ ಗಾಯಕ ಪ್ರಹ್ಲಾದ ಟಿಪಾನಿಯಾ ಕಬೀರ ಪಂಥದ ಮಹಂತರಾಗಲು ಒಪ್ಪಿದಾಗ, ವಿಧಿ-ಆಚರಣೆಗಳನ್ನು ಜರೆದ ಕವಿಯ ಹಾಡುಗಾರ ವಿಧಿಗಳನ್ನು ನಡೆಸುವ ಪೀಠಕ್ಕೆ ಹೋದನಲ್ಲ ಎಂಬ ಇಕ್ಕಟ್ಟನ್ನು ಚಿತ್ರ ಮುಚ್ಚಿಡುವುದಿಲ್ಲ. ಜನಪದ ಕಲಾವಿದನನ್ನು ಪೂಜಿಸುವ ಚಿತ್ರಗಳ ನಡುವೆ, ಅವನನ್ನು ಯೋಚಿಸುವ, ತಡವರಿಸುವ, ಜಗಳವಾಡುವ ಮನುಷ್ಯನನ್ನಾಗಿ ಕಾಣುವುದು ನಿಜವಾದ ಗೌರವ.

ಕ್ಯಾಮೆರಾ ಬಂದ ಮೇಲೆ ಹಾಡು ಮೊದಲಿನಂತೆಯೇ ಇರುತ್ತದೆಯೇ? ಕರಾವಳಿಯಲ್ಲಿ ಇದಕ್ಕೆ ಪಕ್ಕಾ ಉದಾಹರಣೆಯಿದೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ಇಲ್ಲಿನ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಕಾವ್ಯವನ್ನು ದಿನಗಟ್ಟಲೆ ಕೂತು ಧ್ವನಿ ಮತ್ತು ವಿಡಿಯೋಗಳಲ್ಲಿ ದಾಖಲಿಸಿದರು. ಅದು 15,683 ಸಾಲುಗಳಾಗಿ 1998ರಲ್ಲಿ ಪ್ರಕಟವಾಯಿತು. ಸಿರಿ ಜಾತ್ರೆಯ ರಾತ್ರಿ, ಆವೇಶಗೊಂಡ ಹೆಂಗಸರ ನಡುವೆ, ಅಷ್ಟುದ್ದದ ಅಖಂಡ ಕಾವ್ಯಕ್ಕೆ ಎಡೆಯಿಲ್ಲ. ತಾಳ್ಮೆಯಿಂದ ಕೇಳುವ ಮಂದಿ ಎದುರಿಗೆ ಕೂತದ್ದರಿಂದ ಹಾಡು ಆ ಗಾತ್ರಕ್ಕೆ ಬೆಳೆಯಿತು. ಅದನ್ನು ನಕಲಿ ಎನ್ನಲಾಗದು. ಆದರೆ ಅದರ ಕೇಳುಗರಲ್ಲಿ ಯಂತ್ರ ಹಿಡಿದವರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಹಾಂಕೊ ತಂಡ ತನ್ನ ಹಾಜರಿಯನ್ನು ಮುಚ್ಚಿಡದೆ ವಿವರವಾಗಿ ಬರೆದುಕೊಂಡಿತು. ನಮ್ಮ ಸಾಕ್ಷ್ಯಚಿತ್ರಕಾರರಲ್ಲಿ ಹಲವರು ಮಾಡದ ಕೆಲಸ ಅದು.

ಇನ್ನೊಂದು ಚಿತ್ರವನ್ನು ಇಲ್ಲಿ ಹೇಳಲೇಬೇಕು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳ ಸೀಮೆಯಲ್ಲಿ ಸಂಗೀತವನ್ನು ಮುದ್ರಿಸಿಕೊಂಡು, ಚಿತ್ರೀಕರಿಸಿಕೊಂಡು ಹೋಗಿದ್ದರು. ಅವರ ಶಿಷ್ಯ ನಝೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಆ ಮುದ್ರಣಗಳನ್ನು ಹೊತ್ತು ಅದೇ ಊರುಗಳಿಗೆ ಮರಳಿದರು. ಏನು ಉಳಿದಿದೆ, ಏನು ಬದಲಾಗಿದೆ ಎಂದು ಕೇಳುವ ಅವರ ವಿಡಿಯೋ ಚಿತ್ರ ತಾಂತ್ರಿಕವಾಗಿ ಸಾಧಾರಣವೇ ಇರಬಹುದು. ಆದರೆ ಒಯ್ದದ್ದನ್ನು ಹಾಡಿದವರ ಬಳಿಗೆ ಹೊತ್ತು ತರಬೇಕೆಂಬ ಆ ತಿಳಿವಳಿಕೆಗೆ ನಾನು ಬಹಳ ಬೆಲೆ ಕೊಡುತ್ತೇನೆ. ಕಬೀರ್ ಪ್ರಾಜೆಕ್ಟ್ ಸಹ ಚಿತ್ರಗಳ ಜೊತೆ ಸಿ.ಡಿ.ಗಳನ್ನು, ಪುಸ್ತಕಗಳನ್ನು ತಂದು, 2010ರ ಮಾಳವಾ ಯಾತ್ರೆಯಲ್ಲಿ ಹಾಡುಗಾರರೊಡನೆ ಹಳ್ಳಿಗಳಿಗೇ ಹೋಯಿತು.

ನಮ್ಮಲ್ಲಿ ದಾಖಲೆಗೆ ಕೊರತೆಯಿಲ್ಲ. ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆದರು. ಧ್ವನಿ, ವಿಡಿಯೋ ಮುದ್ರಣವನ್ನು ವ್ರತದಂತೆ ನಡೆಸಿದರು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಕಪಾಟುಗಳಲ್ಲಿ ಜನಪದ ಗೀತಸಂಗ್ರಹಗಳಿವೆ, ಧಾಟಿಯಿಲ್ಲದ ಅಕ್ಷರಗಳಾಗಿ. ಆದರೆ ಜನಪದ ಹಾಡಿನ ಚಿತ್ರವೊಂದು ಬೆಂಗಳೂರಿಗೆ ಬಂದರೆ ಅದನ್ನು ನೋಡುವವರು ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆಯಂಥ ಸಭಾಂಗಣಗಳಲ್ಲಿ ಕೂರುವ ನಾವೇ. ರಾಮನವಮಿ ಕಚೇರಿಗಳಲ್ಲಿ ಪಳಗಿದ ಕಿವಿಯವರು, ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ಟುವವರು. ಸೊಲ್ಲು ಹಿಡಿಯುವುದು ನಮಗೆ ಗೊತ್ತಿಲ್ಲ. ಗೊತ್ತಿರುವವರು ಕಾರ್ತಿಕದ ಕೊನೆಯ ಸೋಮವಾರ ಮಾಗಡಿ, ಚಿಂತಾಮಣಿ ಕಡೆಯಿಂದ ಮೂಟೆ ಹೊತ್ತು ಪರಿಷೆಗೆಂದು ದೊಡ್ಡಬಸವನ ಗುಡಿಯ ಬೀದಿಗೇ ಬರುತ್ತಾರೆ, ಕಡಲೆಕಾಯಿ ರಾಶಿಯ ಪಕ್ಕದಲ್ಲೇ ರಾತ್ರಿ ಕಳೆಯುತ್ತಾರೆ. ಮಂಟೇಸ್ವಾಮಿಯ, ಮಲೆ ಮಾದಪ್ಪನ ಹಾಡಿನ ಚಿತ್ರಗಳಿಗೆ ಮೊದಲ ಪ್ರದರ್ಶನ ಅಲ್ಲಿ, ಬಯಲಿನಲ್ಲಿ ಪರದೆ ಕಟ್ಟಿ ಆಗಲಿ. ನಿರೂಪಣೆ ಎಲ್ಲಿ ಹೆಚ್ಚಾಯಿತು, ಹಾಡು ಎಲ್ಲಿ ಕತ್ತರಿಸಿಹೋಯಿತು ಎಂಬುದನ್ನು ಅವರು ಮುಲಾಜಿಲ್ಲದೆ ಹೇಳುತ್ತಾರೆ. ನಿರ್ದೇಶಕರು ಅಂತಿಮ ಸಂಕಲನಕ್ಕೆ ಕೂರಬೇಕಾದ್ದು ಅದಾದ ಮೇಲೆ.