ಬಯಲು ಮತ್ತು ಎಲ್ಲೆ: ಮೂರು ಅಂಕಿತಗಳ ಹಿನ್ನೆಲೆಯಲ್ಲಿ

ವಚನ ಸಾಹಿತ್ಯದ ಅಭ್ಯಾಸಿಗಳಿಗೆ ‘ಬಯಲು’ ಎಂಬ ಪದವು ಚಿರಪರಿಚಿತವಾದುದು. ಅದರ ಅರ್ಥವನ್ನು ಕೇಳಿದೊಡನೆ ‘ಶೂನ್ಯ’ ಎಂದು ಉತ್ತರಿಸುವುದು ನಮ್ಮ ತರಗತಿಗಳ ರೂಢಿ. ನಾನೂ ಬಹುಕಾಲ ಹಾಗೆಯೇ ಪಾಠ ಹೇಳಿದವನು. ಒಮ್ಮೆ ಎರೆಹೊಲದ ಒಕ್ಕಲು ಮನೆತನದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಗುರುಗಳೆ, ನಮ್ಮೂರ ಬಯಲಿನಲ್ಲಿ ಜೋಳವಿದೆ, ದನಗಳಿವೆ, ಗಾಳಿಯಿದೆ, ಅದು ಶೂನ್ಯ ಹೇಗಾದೀತು?” ಎಂದು ಕೇಳಿದನು. “ಪರೀಕ್ಷೆಗೆ ಇಷ್ಟು ಸಾಕು” ಎಂದು ಅವನನ್ನು ಕುಳ್ಳಿರಿಸಿದೆ. ಆ ಅಳುಕು ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ.

ನಿಸರ್ಗದಲ್ಲಿ ಎಲ್ಲೆಗಳು ಎರಡು ಬಗೆ. ಹೊಲದ ಬದು, ಊರ ಗಡಿಕಲ್ಲು, ಹೊಳೆಯ ದಡ ಇವು ನೆಲದ ಮೇಲಿರುವಂಥವು, ನಡೆದುಹೋಗಿ ಮುಟ್ಟಬಹುದು. ದಿಗಂತವಾದರೋ ನೋಡುವವನ ಕಣ್ಣಿಗಷ್ಟೇ ಉಂಟು. ಸಮತಟ್ಟಾದ ನೆಲದಲ್ಲಿ ನಿಂತವನಿಗೆ ಅದು ಸುಮಾರು 4.5 ಕಿಲೋಮೀಟರು ದೂರ. ಅದೇ ಬಯಲಿನಲ್ಲಿ 100 ಮೀಟರು ಎತ್ತರದ ಗುಡ್ಡವನ್ನೇರಿದರೆ ಸುಮಾರು 36 ಕಿಲೋಮೀಟರು. ನೆಲವು ಬದಲಾಗಲಿಲ್ಲ, ನೋಡುವವನ ನಿಲುವು ಬದಲಾಯಿತು. ನಡೆದಷ್ಟೂ ಹಿಂದೆ ಸರಿಯುವ ಆ ಗೆರೆಯನ್ನು ಮುಟ್ಟಿದವರಿಲ್ಲ. ‘ಬಯಲುಸೀಮೆ’ ಎಂಬ ನಮ್ಮ ಮಾತಿನಲ್ಲಿಯೇ ತೆರವೂ ಎಲ್ಲೆಯೂ ಒಂದಾಗಿ ಕೂಡಿರುವುದನ್ನು ಗಮನಿಸಬೇಕು.

ಈ ದೃಷ್ಟಿಯಿಂದ ಮೂರು ಅಂಕಿತಗಳನ್ನು ಪರಿಶೀಲಿಸಬಹುದು. ಬಸವಣ್ಣನವರ ಕೂಡಲಸಂಗಮದೇವನದು ಕೃಷ್ಣೆ ಮಲಪ್ರಭೆಗಳು ಕೂಡುವ ತಾಣ. ಅಲ್ಲಿ ಎರಡು ಹೊಳೆಗಳನ್ನು ಬೇರ್ಪಡಿಸಿದ್ದ ನೆಲವು ತುದಿಗೊಂಡು, ಈ ನೀರು ಆ ನೀರೆಂಬ ಭೇದ ಅಳಿಯುತ್ತದೆ. ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನದು ಶ್ರೀಶೈಲದ ಗಿರಿ. ಬೆಟ್ಟವು ಕೆಳಗಿನವನಿಗೆ ನೋಟದ ತಡೆ, ಏರಿದವನಿಗೆ ನೋಟದ ವಿಸ್ತಾರ. ಅಲ್ಲಮಪ್ರಭುವಿನ ಗುಹೇಶ್ವರನೆಂಬ ಹೆಸರಿನಲ್ಲಿ ಗುಹೆಯಿದೆ. ಹರಿಹರನ ಪ್ರಭುದೇವರ ರಗಳೆಯಲ್ಲಿ, ವಿರಹದಿಂದ ಬಳಲಿದ ಅಲ್ಲಮನು ಕಾಲ್ಬೆರಳಿನಿಂದ ನೆಲವನ್ನು ಕೆದಕುತ್ತಿರಲು ಹೂತುಹೋದ ಗುಡಿಯ ಕಳಸವು ಗೋಚರಿಸುತ್ತದೆ. ಅಗೆಸಿ ಒಳಹೊಕ್ಕಾಗ ಅನಿಮಿಷಯ್ಯನ ದರ್ಶನವಾಗುತ್ತದೆ. ನೆಲವೇ ಕೊನೆಯೆಂದು ತಿಳಿದಿದ್ದವನಿಗೆ ನೆಲದಡಿಯಲ್ಲಿ ಬಾಗಿಲು ತೆರೆಯಿತು. ಬಯಲನ್ನು ಕುರಿತು ಇತರರಿಗಿಂತ ಆಳವಾಗಿ ನುಡಿದವನ ಅಂಕಿತವು ಗುಹೆಯಿಂದ ಬಂದುದು ಇದರಿಂದ ಅರ್ಥಪೂರ್ಣವಾಗಿ ತೋರುತ್ತದೆ.

ಇಲ್ಲಿ ಎಚ್ಚರಿಕೆಯೂ ಅವಶ್ಯ. ಇವು ಆರಾಧ್ಯದೈವಗಳ ನಾಮಗಳೇ ಹೊರತು ನಿಸರ್ಗವರ್ಣನೆಗಾಗಿ ಆಯ್ದ ಪದಗಳಲ್ಲ. ಶರಣರನ್ನು ಪ್ರಕೃತಿಕವಿಗಳೆಂದು ಕರೆಯುವುದು ಇನ್ನೊಂದು ಬಗೆಯ ಅಪಚಾರ. ಆದರೆ ಅವರ ಅನುಭಾವವು ತಾವು ತುಳಿದ ನೆಲವನ್ನು ಮರೆತುದಲ್ಲ. ಪರಂಪರೆಯ ಪ್ರಕಾರ ಅಕ್ಕನು ಮಲೆನಾಡಿನ ಸೆರಗಿನ ಉಡುತಡಿಯಿಂದ ಹೊರಟು, ಬಯಲುನಾಡಿನ ಕಲ್ಯಾಣವನ್ನು ಹಾಯ್ದು, ಶ್ರೀಶೈಲದ ಕದಳಿಯನ್ನು ಸೇರಿದವಳು. ಕಾಡು ಕವಿದ ದಿಗಂತವನ್ನೂ ಸುತ್ತಲೂ ತೆರೆದ ದಿಗಂತವನ್ನೂ ಕಂಡವಳ ನುಡಿಯಲ್ಲಿ ಗಿರಿಯೂ ವನವೂ ಬರಿಯ ಅಲಂಕಾರಗಳಾಗಿ ಬಂದಿರಲಾರವು.

ಹಾಗಾದರೆ ಬಯಲೆಂದರೇನು? ‘ಶೂನ್ಯ’ ಎಂಬ ಅರ್ಥವು ತಪ್ಪೆಂದು ನಾನು ಹೇಳುತ್ತಿಲ್ಲ. ಶೂನ್ಯಸಂಪಾದನೆಯೆಂಬ ಗ್ರಂಥನಾಮವೇ ಎದುರಿಗಿದೆ. ಆದರೆ ಏನೂ ಇಲ್ಲದುದನ್ನು ಸಂಪಾದಿಸುವವರುಂಟೆ? ಬಯಲಿನಲ್ಲಿ ಇಲ್ಲವಾಗುವುದು ವಸ್ತುವಲ್ಲ, ವಸ್ತುವಿಗೂ ನನಗೂ ನಡುವೆ ನಾನು ಎಳೆದುಕೊಂಡ ಗೆರೆ. ದಿಗಂತವು ಕಣ್ಣಿನ ಎಲ್ಲೆಯಾಗಿರುವಂತೆ, ‘ನಾನು’ ಎಂಬುದು ಅರಿವಿನ ಎಲ್ಲೆ.

ಇಂದು ನಾರಾಯಣಪುರದ ಜಲಾಶಯದ ಹಿನ್ನೀರಿನಿಂದ ಕೂಡಲಸಂಗಮದ ದಡಗಳೇ ಬದಲಾಗಿವೆ. ಐಕ್ಯಸ್ಥಳದ ಸುತ್ತ ಎತ್ತರದ ಗೋಡೆ ಕಟ್ಟಿ, ಬಾವಿಗಿಳಿದಂತೆ ಮೆಟ್ಟಿಲಿಳಿದು ದರ್ಶನ ಪಡೆಯುವ ಏರ್ಪಾಡಾಗಿದೆ. ಮುಟ್ಟಬಹುದಾದ ಎಲ್ಲೆಗಳೂ ಸ್ಥಿರವಲ್ಲವೆಂಬುದು ಅಲ್ಲಿ ನಿಂತವರಿಗೆ ತಿಳಿಯುತ್ತದೆ.

ಜೋಳವೂ ದನಗಳೂ ಇರುವ ಬಯಲನ್ನು ಕಂಡ ಆ ವಿದ್ಯಾರ್ಥಿಯು ಪದದ ಅರ್ಥಕ್ಕೆ ನನಗಿಂತ ಹತ್ತಿರವಿದ್ದನು. ಪಾಠ ಹೇಳುವವರು ‘ಬಯಲು’ ಪದಕ್ಕೆ ಅರ್ಥ ಬರೆಯಿಸುವ ಮುನ್ನ, ಮಕ್ಕಳನ್ನು ಒಂದು ಸಂಜೆ ಊರ ಹೊರಗೆ ಕರೆದೊಯ್ದು ನಿಲ್ಲಿಸಲಿ ಎಂಬುದು ನನ್ನ ವಿನಂತಿ.