ನಕ್ಷತ್ರಾಂಕವೂ ವಿಮರ್ಶೆಯೂ

ಅಂತರ್ಜಾಲದಲ್ಲಿ ಪ್ರಕಟವಾಗುವ ವಿಮರ್ಶೆಗಳನ್ನು ಶೋಧಯಂತ್ರಕ್ಕೆ ತಿಳಿಯುವ ಸಂಕೇತಗಳಿಂದ ಗುರುತುಮಾಡಿ, ಫಲಿತಾಂಶದ ಪುಟದಲ್ಲಿಯೇ ಅವು ನಕ್ಷತ್ರಗಳೊಡನೆ ಎದ್ದು ಕಾಣುವಂತೆ ಮಾಡುವ ವಿಧಾನಕ್ಕೆ, ಅಂದರೆ ಸ್ಟ್ರಕ್ಚರ್ಡ್ ಮಾರ್ಕಪ್ ಎಂದು ಹೆಸರಾಗಿರುವ ಪದ್ಧತಿಗೆ, ಇಂದು ದೊರೆತಿರುವ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. 2009ರ ಮೇ ತಿಂಗಳಿನಲ್ಲಿ ಗೂಗಲ್ ಸಂಸ್ಥೆ ಇಂತಹ ನಕ್ಷತ್ರಯುಕ್ತ ಫಲಿತಾಂಶಗಳಾದ ರಿಚ್ ಸ್ನಿಪೆಟ್‌ಗಳನ್ನು ಹೊರತಂದುದು, 2011ರ ಜೂನ್‌ನಲ್ಲಿ ಗೂಗಲ್, ಬಿಂಗ್, ಯಾಹೂಗಳು ಒಡಗೂಡಿ ಸ್ಕೀಮಾ ಡಾಟ್ ಆರ್ಗ್ ಎಂಬ ಸಮಾನ ಪದಕೋಶವನ್ನು ಸ್ಥಾಪಿಸಿದುದು, ಮದರಾಸಿನ ಐಐಟಿಯಲ್ಲಿ ಓದಿದ ಆರ್. ವಿ. ಗುಹಾ ಅವರು ಅದರ ನಿರ್ಮಾತೃಗಳಲ್ಲಿ ಪ್ರಮುಖರಾದುದು, ಇವೆಲ್ಲ ಆಸಕ್ತ ವಾಚಕರು ಬಲ್ಲ ಸಂಗತಿಗಳೇ ಆದುದರಿಂದ ವಿಸ್ತರಿಸುವುದು ಅನಾವಶ್ಯಕ. ಇಲ್ಲಿ ವಿಚಾರಿಸತಕ್ಕದ್ದು ಒಂದೇ: ಈ ವಿಧಾನದಿಂದ ವಿಮರ್ಶೆಗೆ ಪ್ರಚಾರ ದೊರಕಿತೆಂಬ ಮಾತು ಎಷ್ಟರಮಟ್ಟಿಗೆ ನಿಜ?

ಉತ್ತರವನ್ನು ಹೊಗಳಿಕೆಯಲ್ಲಿ ಅರಸದೆ ಆ ಮಾರ್ಕಪ್‌ನ ರಚನೆಯಲ್ಲಿಯೇ ಅರಸುವುದು ಉಚಿತ. ಸ್ಕೀಮಾದ ಪದಕೋಶವು ವಿಮರ್ಶೆಯನ್ನು ಕೃತಿಗಳ ವರ್ಗದಲ್ಲಿಯೇ ಎಣಿಸುತ್ತದೆ: ಅದಕ್ಕೆ ಕರ್ತೃವುಂಟು, ಪ್ರಕಟಣೆಯ ದಿನಾಂಕವುಂಟು, ಭಾಷೆಯುಂಟು, ವಿಮರ್ಶಿತ ವಸ್ತುವಿನ ಉಲ್ಲೇಖವುಂಟು, ರಿವ್ಯೂಬಾಡಿ ಎಂಬ ಹೆಸರಿನಲ್ಲಿ ಬರೆಹದ ಇಡಿಯ ಒಡಲಿಗೇ ಸ್ಥಾನವುಂಟು, ಇವುಗಳಲ್ಲಿ ಯಾವೊಂದನ್ನೂ ಅದು ಕಡ್ಡಾಯವೆಂದು ವಿಧಿಸುವುದಿಲ್ಲ. ಇಷ್ಟು ಉದಾರವಾದ ಕಲ್ಪನೆಯನ್ನು ಕಂಡವರಿಗೆ ಅದರ ಕರ್ತೃಗಳಲ್ಲಿ ಗೌರವ ಹುಟ್ಟದೆ ಇರದು. ಆದರೆ ಅದೇ ಪದಕೋಶವನ್ನು ಗೂಗಲ್ ತನ್ನ ಫಲಿತಾಂಶಕ್ಕಾಗಿ ಓದಿಕೊಳ್ಳುವ ಕ್ರಮ ಬೇರೆಯದು. ಒಂದು ವಿಮರ್ಶೆ ಅಲ್ಲಿಯ ವಿಶೇಷ ದರ್ಶನಕ್ಕೆ ಅರ್ಹವಾಗಬೇಕಾದರೆ ಬರೆದವರ ಹೆಸರು, ವಿಮರ್ಶಿತ ವಸ್ತುವಿನ ಹೆಸರು, ರೇಟಿಂಗ್‌ವ್ಯಾಲ್ಯೂ ಎಂಬ ಅಂಕ, ಇವು ಇರಲೇಬೇಕು. ವಿಮರ್ಶೆಯ ಒಡಲು ಮಾತ್ರ ಆ ಕಡ್ಡಾಯದ ಪಟ್ಟಿಯಲ್ಲಿಲ್ಲ. ಸರಾಸರಿ ಅಂಕದ ವಿಷಯವು ಇನ್ನೂ ಸ್ಪಷ್ಟ. ಬರೆದ ವಿಮರ್ಶೆಗಳ ಸಂಖ್ಯೆಯನ್ನು ಒಂದು ಅಂಕಣದಲ್ಲಿಯೂ, ಕೊಟ್ಟ ಅಂಕಗಳ ಸಂಖ್ಯೆಯನ್ನು ಮತ್ತೊಂದರಲ್ಲಿಯೂ ನಮೂದಿಸಲು ಪದಕೋಶವು ವಿವೇಕದಿಂದ ಅವಕಾಶ ಕಲ್ಪಿಸಿರುವಾಗ, ಎರಡರಲ್ಲಿ ಒಂದಿದ್ದರೆ ಸಾಕೆಂದು ಗೂಗಲಿನ ನಿಯಮ ಹೇಳುತ್ತದೆ. ಆದುದರಿಂದ ಯಾರೊಬ್ಬರೂ ಒಂದು ವಾಕ್ಯವನ್ನೂ ಬರೆಯದಿರುವ ವಸ್ತುವಿಗೆ ನಕ್ಷತ್ರಗಳು ಮೂಡಬಹುದು. ಕೃತಿಯನ್ನು ಎರಡು ಬಾರಿ ಓದಿ, ತೂಗಿ, ಹತ್ತು ಪುಟಗಳಲ್ಲಿ ವಿವೇಚಿಸಿದ ಬರೆಹವು ಅಂಕವಿಲ್ಲದ ಒಂದೇ ಕಾರಣದಿಂದ ಆ ದರ್ಶನಕ್ಕೆ ಅನರ್ಹವಾಗಬಹುದು.

ಈ ಅಂಕವು ಏನನ್ನು ಹೇಳಬಲ್ಲದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಕಾದಂಬರಿಯಲ್ಲಿ ಮಲೆನಾಡಿನ ಆಡುಮಾತು ಜೀವಂತವಾಗಿದ್ದು ಮುಕ್ತಾಯವು ಅವಸರದ್ದಾಯಿತೆಂದು ಒಬ್ಬ ವಿಮರ್ಶಕನು ಬರೆಯುತ್ತಾನೆ. ಅದೇ ಕಾದಂಬರಿಯ ಭಾಷೆ ಕೃತಕವೆಂದೂ ಮುಕ್ತಾಯದಲ್ಲಿ ಮಾತ್ರ ಲೇಖಕನ ಶಕ್ತಿ ಪ್ರಕಟವಾಗಿದೆಯೆಂದೂ ಮತ್ತೊಬ್ಬನು ಬರೆಯುತ್ತಾನೆ. ಪರಸ್ಪರವಿರುದ್ಧವಾದ ಈ ಎರಡು ತೀರ್ಪುಗಳೂ ಐದಕ್ಕೆ ಮೂರು ಎಂದು ಗುರುತಾದರೆ, ಯಂತ್ರವು ಅವುಗಳಲ್ಲಿ ಪೂರ್ಣವಾದ ಒಮ್ಮತವನ್ನು ಕಾಣುತ್ತದೆ. ಸಹೃದಯನು ತಿಳಿಯಬಯಸುವ ಭೇದವೆಲ್ಲ ಅಲ್ಲಿ ಅಳಿಸಿಹೋಗಿರುತ್ತದೆ. ಆ ಅಂಕವನ್ನು ಬರೆಯುವ ಬಗೆಗೂ ವಿಧಿಯುಂಟು: ಸೊನ್ನೆಯಿಂದ ಒಂಬತ್ತರವರೆಗಿನ ಅಂತರರಾಷ್ಟ್ರೀಯ ಅಂಕಿಗಳನ್ನೇ ಬಳಸಬೇಕೆಂದು ಪದಕೋಶದಲ್ಲಿ ಸೂಚಿಸಿದೆಯಾದ್ದರಿಂದ ಕನ್ನಡದ ೪ ಅಲ್ಲಿ ಸಲ್ಲದು. ಗರಿಷ್ಠವನ್ನೂ ಕನಿಷ್ಠವನ್ನೂ ಹೇಳದೆ ಬಿಟ್ಟರೆ ಐದು ಮತ್ತು ಒಂದು ಎಂದು ಯಂತ್ರವೇ ಭಾವಿಸಿಕೊಳ್ಳುತ್ತದೆ. ಬರೆದವರ ಹೆಸರಿನ ಜಾಗದಲ್ಲಿ ರಿಯಾಯಿತಿಯ ಜಾಹೀರಾತನ್ನು ತುಂಬಬಾರದೆಂದೂ ಹೆಸರು ನೂರು ಅಕ್ಷರಗಳೊಳಗೆ ಇರಬೇಕೆಂದೂ ಗೂಗಲ್ ಎಚ್ಚರಿಸುತ್ತದೆ. ಹೆಸರಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ಜಾಗ್ರತೆಯನ್ನು ವಹಿಸಿದವರು ಅಂಕಕ್ಕೆ ಕಾರಣವನ್ನು ಕೇಳಲಿಲ್ಲವೆಂಬುದು ಚಿಂತಿಸತಕ್ಕ ವಿಷಯ.

ಇಲ್ಲಿ ನಾನು ಎರಡು ಬಗೆಯ ವಾದಿಗಳೊಡನೆ ಭಿನ್ನಾಭಿಪ್ರಾಯವನ್ನು ಹೇಳಲೇಬೇಕಾಗಿದೆ. ಮಾರ್ಕಪ್ ಕೇವಲ ಪಾತ್ರೆ, ಅದರೊಳಗೆ ಏನನ್ನು ತುಂಬುತ್ತೇವೆಂಬುದು ನಮ್ಮ ಹೊಣೆ ಎಂಬುದು ಮೊದಲನೆಯವರ ವಾದ. ಪದಕೋಶದ ಮಟ್ಟಿಗೆ ಇದನ್ನು ಒಪ್ಪಬಹುದು. ಕಡ್ಡಾಯದ ಪಟ್ಟಿಯ ಮಟ್ಟಿಗೆ ಒಪ್ಪಲಾಗದು. ಒಂದನ್ನು ಇರಲೇಬೇಕೆಂದೂ ಮತ್ತೊಂದನ್ನು ಇಲ್ಲದಿದ್ದರೂ ಆದೀತೆಂದೂ ವಿಧಿಸುವವನು ಮೌಲ್ಯಮಾಪನವನ್ನು ಆಗಲೇ ಮಾಡಿ ಮುಗಿಸಿರುತ್ತಾನೆ. ಅದನ್ನು ತಟಸ್ಥವೆಂದು ಕರೆಯುವುದು ವಿಚಾರಶೈಥಿಲ್ಯ.

ಎರಡನೆಯವರು ಹೆಚ್ಚು ಗಂಭೀರರು, ಆದುದರಿಂದ ಅವರ ತಪ್ಪು ಹೆಚ್ಚು ಹಾನಿಕರ. ರೋಗವೆಲ್ಲ ಸುಳ್ಳು ರಿವ್ಯೂಗಳಲ್ಲಿದೆ, ಅವನ್ನು ತಡೆದರೆ ಪದ್ಧತಿ ನಿರ್ದೋಷವಾಗುತ್ತದೆ ಎನ್ನುವುದು ಅವರ ಪಕ್ಷ. ವ್ಯಾಪಾರಸಂಸ್ಥೆಗಳು ತಮ್ಮ ಪುಟಗಳಲ್ಲಿ ತಮ್ಮನ್ನೇ ಕುರಿತು ಪ್ರಕಟಿಸಿಕೊಳ್ಳುವ ರಿವ್ಯೂಗಳಿಗೆ ಗೂಗಲ್ 2019ರ ಸೆಪ್ಟೆಂಬರಿನಲ್ಲಿ ನಕ್ಷತ್ರಗಳನ್ನು ನಿಲ್ಲಿಸಿದುದನ್ನು ಅವರು ಕೊಂಡಾಡುತ್ತಾರೆ. ಭಾರತೀಯ ಮಾನಕ ಬ್ಯೂರೋ ರಿವ್ಯೂಗಳ ಸಂಗ್ರಹ, ಪರಿಶೀಲನೆ, ಪ್ರಕಟಣೆಗಳಿಗಾಗಿ ರೂಪಿಸಿದ ಐಎಸ್ 19000:2022 ಎಂಬ ಮಾನದಂಡವನ್ನೂ ಮೆಚ್ಚುತ್ತಾರೆ. ಇವು ಸ್ತುತ್ಯವಾದ ಕಾರ್ಯಗಳೆಂಬುದರಲ್ಲಿ ನನಗೂ ಸಂದೇಹವಿಲ್ಲ. ಆದರೆ ಮೇಲೆ ಹೇಳಿದ ಕಾದಂಬರಿಯ ಇಬ್ಬರು ವಿಮರ್ಶಕರೂ ಪ್ರಾಮಾಣಿಕರೇ. ಅವರ ಹೆಸರು ನಿಜ, ಓದು ನಿಜ, ಅಂಕವೂ ನಿಜ. ಸುಳ್ಳು ಎಳ್ಳಷ್ಟೂ ಇಲ್ಲದ ಎಡೆಯಲ್ಲಿಯೇ ಅರ್ಥ ನಷ್ಟವಾಗಿರುವಾಗ ಸುಳ್ಳನ್ನು ತಡೆಯುವ ಉಪಾಯವು ಆ ನಷ್ಟವನ್ನು ಹೇಗೆ ತುಂಬೀತು? ವಂಚಕನಿಗೂ ಈ ಅಂಕಪ್ರಾಧಾನ್ಯವೇ ಆಶ್ರಯವೆಂಬುದನ್ನು ಅವರು ಗಮನಿಸಿದಂತಿಲ್ಲ. ಐದು ಎಂದು ನಮೂದಿಸುವುದು ಅತ್ಯಂತ ಸುಲಭ. ಓದದ ಪುಸ್ತಕದ ವಿಷಯದಲ್ಲಿ ನಂಬತಕ್ಕ ನಾಲ್ಕು ವಾಕ್ಯಗಳನ್ನು ಬರೆಯುವುದು ಅದಕ್ಕಿಂತ ಬಹಳ ಕಷ್ಟ. ಕಾರಣವನ್ನು ಬೇಡದ ಪದ್ಧತಿಯು ಸುಳ್ಳಿಗೆ ದಾರಿಯನ್ನು ಸುಗಮಗೊಳಿಸಿ, ಅನಂತರ ಅದನ್ನು ಹಿಡಿಯಲು ಕಾವಲುಗಾರರನ್ನು ನೇಮಿಸುತ್ತಿದೆ.

ಈ ವಿಧಾನದಲ್ಲಿ ಗುಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ಒಂದೇ ಹೆಸರಿನ ಎರಡು ಪುಸ್ತಕಗಳನ್ನು ಬೇರೆಬೇರೆಯಾಗಿ ಗುರುತಿಸಲು, ವಿಮರ್ಶೆಯನ್ನು ಯಾರು, ಯಾವಾಗ ಬರೆದರೆಂಬುದನ್ನು ನಿಸ್ಸಂದಿಗ್ಧವಾಗಿ ತಿಳಿಸಲು ಇದು ಒಳ್ಳೆಯ ಸಾಧನ. ಕನ್ನಡದ ಗ್ರಂಥವಿಮರ್ಶೆಯನ್ನು ಅಂತರ್ಜಾಲದಲ್ಲಿ ಪ್ರಕಟಿಸುವವರು ಇಷ್ಟಕ್ಕಾಗಿ ಅದನ್ನು ಬಳಸತಕ್ಕದ್ದೇ ಸರಿ. ಆದರೆ ಅಂಕವಿಲ್ಲದೆ ಬರೆಯುವುದೇ ನಮ್ಮ ವಿಮರ್ಶೆಯಲ್ಲಿ ಬಹುಕಾಲದಿಂದ ರೂಢಿಯಾಗಿರುವಾಗ, ಫಲಿತಾಂಶದಲ್ಲಿ ಮಿನುಗಬೇಕೆಂಬ ಆಸೆಯಿಂದ ಲೇಖನದ ತುದಿಗೆ ಒಂದು ಸಂಖ್ಯೆಯನ್ನು ಅಂಟಿಸುವುದು ಬೇಡ. ಬದಲಾಗಬೇಕಾದುದು ಲೇಖಕನ ಪದ್ಧತಿಯಲ್ಲ, ಶೋಧಯಂತ್ರದ ನಿಯಮ. ಅದು ಅಶಕ್ಯವೂ ಅಲ್ಲ. 2022ರಲ್ಲಿ ಸರಕುಗಳ ಸಂಪಾದಕೀಯ ವಿಮರ್ಶೆಗಳಿಗಾಗಿ ಗುಣಗಳನ್ನೂ ದೋಷಗಳನ್ನೂ ಮಾತುಗಳಲ್ಲಿಯೇ ಗುರುತುಮಾಡುವ ಕ್ರಮವನ್ನು ಗೂಗಲ್ ತಾನಾಗಿಯೇ ಜಾರಿಗೆ ತಂದಿತು. ಅಡುಗೆಮನೆಯ ಉಪಕರಣದ ಗುಣದೋಷಗಳನ್ನು ಮಾತಿನಲ್ಲಿ ತೋರಿಸಬಲ್ಲ ಯಂತ್ರವು ಕಾದಂಬರಿಯ ಗುಣದೋಷಗಳನ್ನು ಅಂಕದ ಹಂಗಿಲ್ಲದೆ ತೋರಿಸಲಾರದೆಂಬುದಕ್ಕೆ ಯಾವ ಕಾರಣವೂ ಇಲ್ಲ. ಆ ಅವಕಾಶವನ್ನು ಗ್ರಂಥಗಳಿಗೂ ಕನ್ನಡಕ್ಕೂ ವಿಸ್ತರಿಸುವವರೆಗೆ, ಈ ಮಾರ್ಕಪ್ ವಿಮರ್ಶೆಯನ್ನು ಕಾಣಿಸುತ್ತದೆಂಬ ಪ್ರಶಂಸೆಯನ್ನು ಹಿಂತೆಗೆದುಕೊಳ್ಳುವುದು ನ್ಯಾಯ. ಅದು ಕಾಣಿಸುತ್ತಿರುವುದು ತೀರ್ಪಿನ ಮೊತ್ತವನ್ನು ಮಾತ್ರ.