48 ನಿಮಿಷದ ತಾವರೆ

ಕೋಲ್ಕತ್ತದ ಅಲಿಪುರದಲ್ಲಿ ಅಗ್ರಿ ಹಾರ್ಟಿಕಲ್ಚರಲ್ ಸೊಸೈಟಿಯ ತೋಟವಿದೆ. ವಿಲಿಯಂ ಕೇರಿ 1820ರಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು. ಅಲ್ಲಿಯ ಪುಷ್ಪ ಪ್ರದರ್ಶನದಲ್ಲಿ ಹೂವಿನ ಗಾತ್ರ, ಬಣ್ಣ, ದಳಗಳ ಅಂದ ಲೆಕ್ಕಕ್ಕೆ ಬರುತ್ತವೆ. ಅಲಿಪುರದ ಅಂಚಿನ ಆದಿಗಂಗೆ ಕಾಲುವೆಯನ್ನು ದಾಟಿ ಕಾಳಿಘಾಟಿಗೆ ಹೋದರೆ ಲೆಕ್ಕವೇ ಬೇರೆ. ಕಾಳಿ ಗುಡಿಯ ಬಳಿಯ ಅಂಗಡಿಗಳಲ್ಲಿ ಕೆಂಪು ದಾಸವಾಳ ಇನ್ನೂ ಮೊಗ್ಗಾಗಿರುವಾಗಲೇ ಹಾರವಾಗಿರುತ್ತದೆ. ಸುರುಳಿ ಸುತ್ತಿದ ದಳಗಳ ತುದಿಯಲ್ಲಷ್ಟೇ ಕೆಂಪು ಇಣುಕಿರಬೇಕು. ದಾಸವಾಳದ ಆಯುಷ್ಯ ಒಂದೇ ದಿನ, ಅರಳಿದ್ದನ್ನು ಪೋಣಿಸಿದರೆ ಗರ್ಭಗುಡಿ ತಲುಪುವ ಹೊತ್ತಿಗೆ ಸೊರಗುತ್ತದೆ. ಯಾವ ಮೊಗ್ಗು ಎಷ್ಟು ಹೊತ್ತಿಗೆ ಬಿರಿಯುತ್ತದೆಂದು ಹೂವಾಡಿಗನ ಬೆರಳಿಗೆ ಗೊತ್ತು. ಹೂವಿನಂಗಡಿಯ ಕಸುಬನ್ನು ತೂಗಬೇಕಾದದ್ದು ಈ ಹೊತ್ತಿನ ಅರಿವಿನಿಂದ ಎಂಬುದು ನನ್ನ ವಾದ. ಹಬ್ಬದ ದಿನದ ಬೆಲೆಯೊಂದನ್ನೇ ಹಿಡಿದು ಅದನ್ನು ಸುಲಿಗೆ ಎನ್ನುವುದು ಅವಸರದ ತೀರ್ಪು.

ದುರ್ಗಾಪೂಜೆಯನ್ನೇ ನೋಡಿ. ಅಷ್ಟಮಿಯ ಕೊನೆಯ 24 ನಿಮಿಷ, ನವಮಿಯ ಮೊದಲ 24 ನಿಮಿಷ ಸೇರಿದ ಸಂಧಿಪೂಜೆಗೆ 108 ತಾವರೆ ಬೇಕು. ಊರಿನ ಪೆಂಡಾಲುಗಳಿಗೆಲ್ಲ ಅದೇ 48 ನಿಮಿಷಕ್ಕೆ ಬೇಕು. ಆದರೆ ಕೆರೆಗಳಲ್ಲಿ ತಾವರೆಯ ಸುಗ್ಗಿ ಮಳೆಗಾಲದ್ದು. ಆಶ್ವಯುಜದ ಇಬ್ಬನಿ ಬೀಳತೊಡಗಿದರೆ ಹೂ ಇಳಿಮುಖ. ಹೀಗಾಗಿ ಮೊಗ್ಗುಗಳನ್ನು ಮೊದಲೇ ಕಿತ್ತು ಶೀತಲ ಗೃಹಗಳಲ್ಲಿಟ್ಟು, ಹಬ್ಬಕ್ಕೆ ಹೌರಾ ಸೇತುವೆಯ ಬುಡದ ಮಲ್ಲಿಕ್ ಘಾಟ್ ಸಂತೆಗೆ ತರುತ್ತಾರೆ. ಹೊರತೆಗೆದ ಮೊಗ್ಗಿನ ಹೊರದಳಗಳು ಕಪ್ಪಾದರೆ ಅದು ಕಸ. ಮೂರ್ತಿ ನೀರಿಗಿಳಿದ ಮರುದಿನ ಉಳಿದದ್ದೂ ಕಸ. ಗಿರಾಕಿ ಕೊಡುವ ಬೆಲೆಯಲ್ಲಿ ಈ ಕಸದ ಪಾಲೂ ಇದೆ. ನಮ್ಮಲ್ಲಿ ವರಮಹಾಲಕ್ಷ್ಮಿಯ ಹಿಂದಿನ ಸಂಜೆ ಕೆ.ಆರ್. ಮಾರುಕಟ್ಟೆಯಲ್ಲಿ ತಾವರೆಯ ದರ ಕೇಳಿ ಹುಬ್ಬೇರಿಸುವವರು ಆಷಾಢದಲ್ಲಿ ಅದೇ ಅಂಗಡಿಯ ಮುಂದೆ ನಿಲ್ಲುವುದಿಲ್ಲವಲ್ಲ!

ತಣ್ಣಗಿಟ್ಟ ಹೂ ದೇವರಿಗೆ ಸಲ್ಲದು ಎಂಬ ಆಕ್ಷೇಪವಿದೆ. ಹೂ ತಾಜಾ ಇರಬೇಕೆಂಬ ಶ್ರದ್ಧೆಯನ್ನು ಗೌರವಿಸುತ್ತೇನೆ. ಆದರೆ ತುಳಸಿ, ಬಿಲ್ವಗಳಿಗೆ ಹಳತಾದ ದೋಷವಿಲ್ಲವೆಂದು ನಮ್ಮ ಸಂಪ್ರದಾಯವೇ ಒಪ್ಪಿದೆ. ಎಲ್ಲಕ್ಕೂ ಒಂದೇ ನಿಯಮವಿಲ್ಲ. ತಣ್ಣಗಿಟ್ಟ ಹೂ ಬೇಡವೆಂದರೆ 108ರ ಸಂಖ್ಯೆಯನ್ನೇ ಇಳಿಸಬೇಕಾಗುತ್ತದೆ, ಅದಕ್ಕೆ ಪೆಂಡಾಲಿನವರು ಸಿದ್ಧರಿಲ್ಲ. ನನಗೆ ಭಾರವೆನಿಸುವ ಆಕ್ಷೇಪ ಬೇರೆ. ಶೀತಲ ಗೃಹದಲ್ಲಿ ದಾಸ್ತಾನಿಟ್ಟವನು ಬೆಲೆ ಏರುವವರೆಗೆ ಕಾಯಬಲ್ಲ. ಎದೆಮಟ್ಟದ ನೀರಿಗಿಳಿದು, ಮುಳ್ಳಿನ ದಂಟಿನಿಂದ ಮೊಗ್ಗು ಮುರಿಯುವವನು ಅಂದೇ ಮಾರಬೇಕು. ಹಬ್ಬದ ಬೆಲೆ ಆತನಿಗೆ ತಲುಪದಿದ್ದರೆ ಈ ಏರ್ಪಾಡಿಗೆ ನಾನು ಪೂರ್ಣ ಅಂಕ ಕೊಡಲಾರೆ. ಉಡುಪಿಯ ಶಂಕರಪುರ ಮಲ್ಲಿಗೆಗೆ ದಿನದಿನವೂ ಅಟ್ಟೆಗಿಷ್ಟು (ಅಟ್ಟೆ ಎಂದರೆ ಕಟ್ಟಿದ ಹೂವಿನ ಅಳತೆ) ಎಂದು ದರ ಗೊತ್ತುಮಾಡಿ ಸಾರುತ್ತಾರೆ. ಹಿತ್ತಲಲ್ಲಿ ಹೂ ಕೊಯ್ದು ಕಟ್ಟುವ ಹೆಂಗಸಿಗೂ ಅಂದಿನ ದರ ತಿಳಿದಿರುತ್ತದೆ. ಬಂಗಾಳದ ತಾವರೆ ಕೆರೆಗಳ ದಂಡೆಗೂ ಸಂಧಿಪೂಜೆಯ ದರ ಹೀಗೆಯೇ, ಮೊಗ್ಗು ಕೈಬಿಡುವ ಮೊದಲೇ ಮುಟ್ಟಬೇಕು.